ಸೌದೆ ಉರಿಸಿದವನಿಗೆ ಬಿಲ್ಲು, ಗೀಸರ್ ಉರಿಸಿದವನಿಗೆ ಸೊನ್ನೆ!

ಹಾಸನ: ಬೆಳಿಗ್ಗೆ ಆರೂವರೆ ಬಸ್ಸು ಹಿಡಿಯುವವನಿಗೆ ಐದೂವರೆಗೆ ಒಂದು ಬಕೆಟ್ ಬಿಸಿನೀರು ಬೇಕು. ಅಷ್ಟೇ ವಿಷಯ. ಆದರೆ ಆ ನೀರನ್ನು ಯಾವುದರಲ್ಲಿ ಕಾಯಿಸಬೇಕು, ದುಡ್ಡು ಯಾರ ಜೇಬಿನಿಂದ ಹೋಗಬೇಕು ಎಂಬುದಕ್ಕೆ ಈ ಒಂದೇ ಜಿಲ್ಲೆಯಲ್ಲಿ ಎರಡು ಉತ್ತರಗಳಿವೆ. ಒಂದು ಸಕಲೇಶಪುರದ ಉತ್ತರ, ಇನ್ನೊಂದು ಅರಸೀಕೆರೆಯದು. ಎರಡೂ ಊರು ಹಾಸನದಿಂದ ನಲವತ್ತು ಕಿಲೋಮೀಟರ್ ಆಚೀಚೆ. ಆದರೆ ಸಕಲೇಶಪುರದಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿದರೆ, ಅರಸೀಕೆರೆಗೆ ಅದರಲ್ಲಿ ಮೂರರಲ್ಲೊಂದು ಪಾಲು ಬಿದ್ದರೆ ಪುಣ್ಯ.

ಸಿಮ್ಲಾ, ಶ್ರೀನಗರದ ಕಡೆ ಜನ ಕೋಣೆಯನ್ನೇ ಕಾಯಿಸುತ್ತಾರೆ. ಇಲ್ಲಿ ಆ ಪದ್ಧತಿ ಇಲ್ಲ. ಕಂಬಳಿ ಹೊದೆದರೆ ಚಳಿ ಮುಗಿಯಿತು. ಚಳಿಯ ಖರ್ಚೆಂದರೆ ಇಲ್ಲಿ ಬಚ್ಚಲ ಖರ್ಚು.

ಅದಕ್ಕೊಂದು ಸಣ್ಣ ಲೆಕ್ಕ. ಇಪ್ಪತ್ತು ಲೀಟರ್ ತಣ್ಣೀರು ಹದಿನೆಂಟು ಡಿಗ್ರಿ ಇದ್ದರೆ ಸ್ನಾನಕ್ಕೆ ಹದವಾಗಲು ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟು ಬೇಕು. ನಾಲ್ಕು ಜನರ ಮನೆಯಲ್ಲಿ ತಲೆಗೊಂದು ಬಕೆಟ್ ಎಂದರೆ, ಗೀಸರ್ ಟ್ಯಾಂಕಿನಿಂದ ಸುಮ್ಮನೆ ಆರಿಹೋಗುವ ಬಿಸಿಯೂ ಸೇರಿ ದಿನಕ್ಕೆ ಎರಡೂವರೆ ಯೂನಿಟ್. ತಿಂಗಳಿಗೆ ಎಪ್ಪತ್ತೈದು. ಅದೇ ಅರಸೀಕೆರೆಯ ಏಪ್ರಿಲ್‌ನಲ್ಲಿ ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರು ತಾನೇ ಬೆಚ್ಚಗಿರುತ್ತದೆ. ಅದರ ಅರ್ಧ ಕರೆಂಟೂ ಬೇಡ. ಎಷ್ಟೋ ಮನೆಗಳಲ್ಲಿ ಆಗ ಸ್ವಿಚ್ಚನ್ನೇ ಮುಟ್ಟುವುದಿಲ್ಲ. ಡಿಸೆಂಬರ್, ಜನವರಿಯ ಚಳಿ ಎರಡೂ ಕಡೆ ಇದೆ, ಅದರಲ್ಲಿ ತಕರಾರಿಲ್ಲ. ಮಲೆನಾಡಿನವರನ್ನು ಹೊಡೆಯುವುದು ಚಳಿಗಾಲವಲ್ಲ, ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಬಟ್ಟೆ, ಒದ್ದೆ ಗೋಡೆ, ಒದ್ದೆ ಮೈ.

'ಕರೆಂಟು ಫ್ರೀ ಅಲ್ವೇನ್ರೀ, ಇನ್ನೇನು ಚಿಂತೆ?' ಎನ್ನುವ ಮಾತು ಬಸ್ಸಿನಲ್ಲಿ ದಿನವೂ ಕೇಳಿಬರುತ್ತದೆ. ಫ್ರೀ ಹೌದು. ಆದರೆ ಎಷ್ಟು ಫ್ರೀ? ತಮಾಷೆ ಇರುವುದು ಇಲ್ಲೇ.

ಗೃಹಜ್ಯೋತಿ ಜಾರಿಗೆ ಬಂದದ್ದು 2023ರ ಜುಲೈ ಬಳಕೆಯಿಂದ. ಇನ್ನೂರು ಯೂನಿಟ್ ಎಲ್ಲರಿಗೂ ಉಚಿತ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅಷ್ಟು, ಅದರ ಮೇಲೆ ಶೇಕಡಾ ಹತ್ತು. ಅದು ಆ ಮನೆಯ ಪಾಲು. ಪಾಲು ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ದುಡ್ಡು. ಇನ್ನೂರನ್ನೇ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು. ಅಂಗಡಿ ಸಾಹುಕಾರರಿಗೆ ಅಂಗಡಿಯ ಮೀಟರ್‌ಗಂತೂ ಈ ಭಾಗ್ಯವೇ ಇಲ್ಲ. ಕಟಿಂಗ್ ಶಾಪಿನ ಬಿಸಿನೀರಿಗೂ, ಹೋಟೆಲಿನ ಬಿಸಿನೀರಿಗೂ ಕಾಸು ಎಣಿಸಲೇಬೇಕು.

ಈಗ ಲೆಕ್ಕಕ್ಕೆಂದು ಅಕ್ಕಪಕ್ಕದ ಎರಡು ಮನೆ ಹಿಡಿಯಿರಿ. ಮೊದಲನೆಯ ಮನೆಯಲ್ಲಿ ಆಗಲೇ ಗೀಸರ್ ಇತ್ತು. ಆ ವರ್ಷದ ಸರಾಸರಿ 130 ಯೂನಿಟ್. ಈಗ ಅವರ ಪಾಲು 143. ಎರಡನೆಯ ಮನೆಯವರು ಬಚ್ಚಲಲ್ಲಿ ತಾಮ್ರದ ಹಂಡೆ ಕೂರಿಸಿ ನೀರೊಲೆ ಉರಿಸುತ್ತಿದ್ದವರು. ಸರಾಸರಿ 50 ಯೂನಿಟ್, ಪಾಲು 55. ಮನೆಯ ಅಜ್ಜಿಗೆ ಹೊಗೆಯಿಂದ ಕೆಮ್ಮು, ಸೊಸೆಗೆ ಕೆಲಸಕ್ಕೆ ಹೋಗುವ ಧಾವಂತ. ಸಾಲಸೋಲ ಮಾಡಿ ಈಗ ಒಂದು ಗೀಸರ್ ಹಾಕಿಸಿದರು ಅನ್ನಿ. ಬಳಕೆ 125ಕ್ಕೆ ಬಂತು. ಎಪ್ಪತ್ತು ಯೂನಿಟ್ ಹೆಚ್ಚುವರಿ.

2024ರ ಏಪ್ರಿಲ್‌ನಲ್ಲಿ ಮನೆ ಕರೆಂಟಿಗೆ ಯೂನಿಟ್‌ಗೆ 5 ರೂ. 90 ಪೈಸೆಯ ಒಂದೇ ದರ ಬಂತು. 2025ರಲ್ಲಿ ಹತ್ತು ಪೈಸೆ ಇಳಿಸಿದರು. ಜೊತೆಗೇ ನೌಕರರ ಪಿಂಚಣಿಗೆಂದು 36 ಪೈಸೆ ಸೇರಿಸಿದರು! ಆ ದರದಲ್ಲಿ ಎಪ್ಪತ್ತು ಯೂನಿಟ್‌ಗೆ ಕಡಿಮೆಯೆಂದರೂ ನಾನೂರರ ಮೇಲೆ. ಪಕ್ಕದ ಮನೆಯವರು 140 ಯೂನಿಟ್ ಉರಿಸಿ ಸೊನ್ನೆ ಬಿಲ್ಲು ಮಡಚಿ ಜೇಬಿಗಿಡುತ್ತಾರೆ. ಇವರು ಅವರಿಗಿಂತ ಕಡಿಮೆ ಉರಿಸಿ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ. ಇವರು ಮಾಡಿದ ತಪ್ಪೆಂದರೆ 2022ರಲ್ಲಿ ಕರೆಂಟು ಉಳಿಸಿದ್ದು.

ಉಳಿತಾಯ ಮಾಡಿದವನ ಪಾಲು ಚಿಕ್ಕದಾಯಿತೆಂದು ಸರ್ಕಾರಕ್ಕೆ ಒಂದಿಷ್ಟು ಹೊಳೆಯದೆ ಇರಲಿಲ್ಲ. 48 ಯೂನಿಟ್ ಒಳಗಿನ ಬಡ ಮನೆಗಳಿಗೆ ಶೇಕಡಾ ಹತ್ತರ ಬದಲು ನೇರ ಹತ್ತು ಯೂನಿಟ್ ಕೊಡುವ ತೀರ್ಮಾನ 2024ರ ಜನವರಿಯಲ್ಲಿ ಆಯಿತು. ಹತ್ತು ಯೂನಿಟ್ ಎಂದರೆ ಮಲೆನಾಡಿನ ಲೆಕ್ಕದಲ್ಲಿ ನಾಲ್ಕು ದಿನದ ಸ್ನಾನ.

ಹಾಗಾದರೆ ಸೋಲಾರ್ ಹಾಕಿಸಬಾರದೇ ಎಂದು ಕೇಳಬಹುದು. ಅರಸೀಕೆರೆಯಲ್ಲಿ ಹಾಕಿಸಬಹುದು, ಬಿಸಿಲಿಗೇನೂ ಬರವಿಲ್ಲ. ಬರ ಇರುವುದು ಒಳ್ಳೆಯ ನೀರಿಗೆ. ಬೋರ್‌ವೆಲ್‌ನ ಗಡಸು ನೀರು ಒಳಗೆ ಉಪ್ಪು ಕಟ್ಟಿ ಕಟ್ಟಿ ಕೊಳವೆ ಬಾಯಿ ಮುಚ್ಚಿಕೊಳ್ಳುತ್ತದೆ. ಗೀಸರ್‌ನ ಕಾಯಿಲ್‌ಗೂ ಅದೇ ಗತಿ. ಮೇಲೆ ಬಿಳಿ ಪದರ ಕೂತಷ್ಟೂ ನೀರು ಕಾಯುವುದು ತಡ, ಮೀಟರ್ ಓಡುವುದು ಜಾಸ್ತಿ. ಅದಕ್ಕಿಂತ ದೊಡ್ಡ ವಿಚಿತ್ರವೆಂದರೆ, ಪಾಲಿನೊಳಗೇ ಗೀಸರ್ ನಡೆಯುವ ಮನೆಯವನು ಹತ್ತಾರು ಸಾವಿರ ಕೊಟ್ಟು ಸೋಲಾರ್ ಏಕೆ ಹಾಕಿಸುತ್ತಾನೆ? ಅವನಿಗೆ ಒಂದು ಪೈಸೆಯೂ ಉಳಿಯುವುದಿಲ್ಲ. ಇನ್ನು ಮೊದಲೇ ಹಾಕಿಸಿಕೊಂಡಿದ್ದ ಬುದ್ಧಿವಂತನ ಪಾಲೂ ಸೌದೆಯವನಷ್ಟೇ ಚಿಕ್ಕದು. ಸೋಲಾರ್ ಕೆಟ್ಟ ದಿನ ಇವನೂ ಅದೇ ಸಾಲಿನಲ್ಲಿ ನಿಲ್ಲುತ್ತಾನೆ.

ಸಕಲೇಶಪುರದಲ್ಲಿ ಆ ಮಾತೇ ಬೇಡ. ಬಿಸಿನೀರು ಅತಿ ಹೆಚ್ಚು ಬೇಕಾದ ನಾಲ್ಕು ತಿಂಗಳು ಸೂರ್ಯನೇ ರಜೆ. ಕರೆಂಟೂ ಅಷ್ಟೇ. ತಂತಿಯ ಮೇಲೆ ಮರ ಬಿತ್ತೆಂದರೆ ಒಳಗಿನ ಹಳ್ಳಿಗಳಲ್ಲಿ ದಿನಗಟ್ಟಲೆ ಕತ್ತಲು. ಸೆಸ್ಕ್ ಕಚೇರಿಗೆ (ಜನರ ಬಾಯಲ್ಲಿ ಅದು ಇವತ್ತಿಗೂ ಕೆಇಬಿಯೇ) ಫೋನು ಮಾಡಿ ಮಾಡಿ ಸುಸ್ತಾಗುವ ಹೊತ್ತಿಗೆ ಸೌದೆ ನೆನಪಾಗುತ್ತದೆ.

ಸೌದೆ ಪುಕ್ಕಟೆ ಎಂದು ಪೇಟೆಯವರ ನಂಬಿಕೆ. ತೋಟ ಇದ್ದವರಿಗೆ ಸರಿ. ಮಳೆಗೆ ಮುಂಚೆ ಮರಗಸಿ ಮಾಡಿಸಿದಾಗ ಬಿದ್ದ ಕೊಂಬೆ, ಕಾಫಿ ಗಿಡದ ರೆಕ್ಕೆ ಎಲ್ಲ ಕೊಟ್ಟಿಗೆ ಸೇರುತ್ತದೆ. ಲೈನ್ ಮನೆಯ ಕೂಲಿಯವರಿಗೂ ತೋಟದ ಪುಳ್ಳೆ ದಕ್ಕುತ್ತದೆ. ಆದರೆ ಆಲೂರು, ಸಕಲೇಶಪುರ, ಬೇಲೂರಿನ ಕಡೆ ಆನೆ ಕಾಟ. ಹೆಂಗಸರು ಸೌದೆ ಹೊರೆ ಕಟ್ಟುವುದು ಜೀವ ಕೈಯಲ್ಲಿ ಹಿಡಿದು. ಪೇಟೆಯಲ್ಲಿ ಕೊಂಡು ಉರಿಸುವವರ ಪಾಡು ಬೇರೆ. ಹಳೆಯ ಕಲ್ಲಿನ ನೀರೊಲೆಯಲ್ಲಿ ಬಿಸಿಯ ಬಹುಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ನಾಲ್ಕು ಬಕೆಟ್‌ಗೆ ನಾಲ್ಕು ಕಿಲೋ ಸೌದೆ ಬೇಕೆಂದು ಹಿಡಿದು, ಕಿಲೋಗೆ ಹತ್ತು ರೂಪಾಯಿ ಅಂದುಕೊಂಡರೂ ತಿಂಗಳಿಗೆ ಸಾವಿರದ ಇನ್ನೂರು! ದುಡ್ಡು ಕೊಟ್ಟ ಕರೆಂಟೇ ಅದಕ್ಕಿಂತ ಅಗ್ಗ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗದವರು ಕಡಿಮೆ ಸೌದೆಯ ಒಲೆ ಮಾಡಿಕೊಟ್ಟಿದ್ದರು. 'ಅಸ್ತ್ರ ಒಲೆ' ಎಂದರೆ ಹಳಬರಿಗೆ ನೆನಪಿದ್ದೀತು. ಅಡುಗೆಮನೆಗೆ ಗ್ಯಾಸ್ ಬಂದ ಮೇಲೆ ಅದನ್ನು ಕೇಳುವವರಿಲ್ಲ. ಬಚ್ಚಲ ಒಲೆ ಮಾತ್ರ ಅಜ್ಜನ ಕಾಲದ್ದೇ.

ಅರಸೀಕೆರೆಯ ಹಂಡೆಗೆ ತೆಂಗಿನ ತೋಟವೇ ಆಧಾರ. ಸೋಗೆ, ಮಟ್ಟೆ, ಚಿಪ್ಪು. ಈಗ ಚಿಪ್ಪಿಗೆ ಇದ್ದಿಲು ಮಾಡುವವರ ಗಿರಾಕಿ ಇರುವುದರಿಂದ ಅದನ್ನು ಒಲೆಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಸೋಗೆಗೆ ಮಾತ್ರ ಇನ್ನೂ ಬೆಲೆ ಕಟ್ಟಿಲ್ಲ.

ಉಳಿದದ್ದು ಗ್ಯಾಸ್ ಗೀಸರ್. ನಾಲ್ವರ ಸ್ನಾನಕ್ಕೆ ತಿಂಗಳಿಗೆ ಅರ್ಧ ಸಿಲಿಂಡರ್ ಹೋಗುತ್ತದೆ. 2025ರ ಏಪ್ರಿಲ್‌ನಲ್ಲಿ ಐವತ್ತು ರೂಪಾಯಿ ಏರಿದ ಮೇಲಿನ ದರದಲ್ಲಿ ಅದು ನಾನೂರ ಚಿಲ್ಲರೆ, ಹೆಚ್ಚುಕಡಿಮೆ ಕರೆಂಟಿನಷ್ಟೇ. ಆದರೆ ಇದರ ಅಪಾಯ ಬಿಲ್ಲಿನಲ್ಲಿ ಕಾಣುವುದಿಲ್ಲ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಇದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ; ತಲೆ ಸುತ್ತಿತು ಅನ್ನುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ಬಾಗಿಲು ಮುಚ್ಚಿ ಕೆಂಡದ ಬಾಂಡಲೆ ಇಟ್ಟು ಮಲಗುವುದೂ ಇದೇ ಜಾತಿಯ ಅಪಾಯ. ಗ್ಯಾಸ್ ಗೀಸರ್ ಬಚ್ಚಲ ಒಳಗಲ್ಲ, ಗೋಡೆಯ ಹೊರಗಿರಬೇಕು. ಬಕೆಟ್‌ಗೆ ಹೀಟರ್ ಕಾಯಿಲ್ ಇಳಿಬಿಡುವವರು ನೀರಿಗೆ ಕೈಯದ್ದಿ ನೋಡುವ ಮೊದಲು ಪ್ಲಗ್ ಕಿತ್ತಿರಬೇಕು.

ಬಿಲ್ಲು ಕೈಗೆ ಬಂದಾಗ ಕಟ್ಟಬೇಕಾದ ಮೊತ್ತ ಮಾತ್ರ ನೋಡಿ ಮಡಚಿಡುವವರೇ ಹೆಚ್ಚು. ಪಾಲು ಎಷ್ಟು, ಉರಿದದ್ದೆಷ್ಟು ಎಂದು ಗೀಸರ್ ಕೊಳ್ಳುವ ಮೊದಲು ನೋಡಿದರೆ ಅಂಗಡಿಯಲ್ಲೇ ಲೆಕ್ಕ ಹಾಕಬಹುದು. ವರ್ಷದ ಸರಾಸರಿ ಎಂಬ ಅಳತೆಗೋಲಿನಲ್ಲಿ ಬೇಸಿಗೆಯ ಇಪ್ಪತ್ತು ಯೂನಿಟ್ ಉಳಿತಾಯ ಜುಲೈ ತಿಂಗಳಿಗೆ ಜಮೆಯಾಗುವುದಿಲ್ಲ ಎಂಬುದೂ ನೆನಪಿರಲಿ. ಒಂದೊಂದು ತಿಂಗಳ ಲೆಕ್ಕ ಆಯಾ ತಿಂಗಳಿಗೇ ಮುಗಿಯುತ್ತದೆ. ಮಳೆಗಾಲಕ್ಕೆ ನಾಲ್ಕು ಯೂನಿಟ್ ಹೆಚ್ಚು ಎಂಬ ಕಲಂ ಸಕಲೇಶಪುರಕ್ಕೂ ಇಲ್ಲ, ಪಕ್ಕದ ಕೊಡಗಿಗೂ ಇಲ್ಲ.

ಹೀಗಾಗಿ ಮಲೆನಾಡಿನ ಅನೇಕ ಬಚ್ಚಲುಗಳಲ್ಲಿ ಗೋಡೆಯ ಮೇಲೆ ಗೀಸರ್, ಅದರ ಕೆಳಗೇ ಹಂಡೆ. ನೆಂಟರು ಬಂದರೆ ಸ್ವಿಚ್ಚು, ಮನೆಯವರಿಗೆ ಸೌದೆ. ಜುಲೈನಲ್ಲಿ ಮಕ್ಕಳ ಶಾಲೆ ಯೂನಿಫಾರಂ ಒಣಗುವುದೂ ಆ ನೀರೊಲೆಯ ಮೇಲೆ ಕಟ್ಟಿದ ಹಗ್ಗದಲ್ಲೇ.