ಕಿರ್ದಿಯಿಂದ ಖಾತೆಗೆ

ಹಿಂದಿನ ವ್ಯಾಪಾರಿಗಳ ಮಳಿಗೆಯಲ್ಲಿ ಎರಡು ಪುಸ್ತಕಗಳು ಇದ್ದೇ ಇರುತ್ತಿದ್ದವು. ಒಂದು ಕಿರ್ದಿ. ದಿನದ ವ್ಯವಹಾರವನ್ನೆಲ್ಲ ಅದು ನಡೆದ ಕ್ರಮದಲ್ಲಿಯೇ ಅದರಲ್ಲಿ ಬರೆದಿಡಲಾಗುತ್ತಿತ್ತು. ಇನ್ನೊಂದು ಖಾತೆ ಪುಸ್ತಕ. ಅದರಲ್ಲಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ. ದೀಪ ಹಚ್ಚಿದ ಮೇಲೆ ಗುಮಾಸ್ತನು ಕಿರ್ದಿಯ ಪ್ರತಿಯೊಂದು ಬಾಬ್ತನ್ನೂ ಆಯಾ ಗಿರಾಕಿಯ ಪುಟಕ್ಕೆ ಎತ್ತಿ ಬರೆಯಬೇಕು. ಒಂದು ದಿನ ಅವನು ಜ್ವರದಿಂದ ಮಲಗಿದರೆ ಎರಡು ಪುಸ್ತಕಗಳೂ ಎರಡು ಮಾತನ್ನಾಡತೊಡಗುತ್ತಿದ್ದವು. ಹಣ ಕೊಟ್ಟವನು ಇನ್ನೂ ಸಾಲಗಾರನಾಗಿಯೇ ಉಳಿಯುತ್ತಿದ್ದನು. ಇಂದು ಕಾಗದದ ಸ್ಥಾನವನ್ನು ಗಣಕಯಂತ್ರ ಆಕ್ರಮಿಸಿದೆ. ಆದರೆ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಎತ್ತಿ ಬರೆಯುವ ಕೆಲಸ ಹಾಗೆಯೇ ಉಳಿದಿದೆ. ಆ ಕೆಲಸವನ್ನು ಯಾರು ಮಾಡಬೇಕು ಎಂಬ ಪ್ರಶ್ನೆಯೂ ಉಳಿದಿದೆ.

ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳ ಜನರಿಗೆ ಈ ಪ್ರಶ್ನೆ ಹೊಸತಲ್ಲ. ಹುಣಸೂರಿನ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಒಂದು ಹೊಲದ ಕ್ರಯಪತ್ರ ನೋಂದಣಿಯಾಯಿತು ಎನ್ನೋಣ. ಅಷ್ಟರಿಂದಲೇ ಕೊಂಡವನ ಹೆಸರು ಪಹಣಿಗೆ ಬರುವುದಿಲ್ಲ. ಮಾರಾಟದ ವಿವರವನ್ನುಳ್ಳ ‘ಜೆ ಸ್ಲಿಪ್’ ಎಂಬ ಚೀಟಿ ತಾಲ್ಲೂಕು ಕಚೇರಿಗೆ ತಲುಪಬೇಕು. ಅಲ್ಲಿ ಖಾತೆ ಬದಲಾವಣೆಯ ಕ್ರಮ ಮೊದಲಾಗಬೇಕು. ಈ ಚೀಟಿ ಕಾಗದದ ರೂಪದಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಅದು ಕಡತಗಳ ನಡುವೆ ಸಿಕ್ಕಿಕೊಂಡರೆ ಹೊಲ ಕೊಂಡವನು ಅಲೆಯುವುದೊಂದೇ ಉಳಿದ ದಾರಿ. ನೋಂದಣಿಯ ‘ಕಾವೇರಿ’ ತಂತ್ರಾಂಶವನ್ನು ಪಹಣಿಯ ‘ಭೂಮಿ’ ತಂತ್ರಾಂಶಕ್ಕೆ ಜೋಡಿಸಿದ ಮೇಲೆ ಆ ಚೀಟಿ ತಂತಿಯ ಮೂಲಕವೇ ಸಾಗುತ್ತದೆ. ಒಂದು ಕಡೆ ನಡೆದ ಘಟನೆ ಇನ್ನೊಂದು ಕಡೆಯ ಕ್ರಿಯೆಗೆ ತಾನಾಗಿಯೇ ಚಾಲನೆ ಕೊಡುತ್ತದೆ.

ಸರ್ಕಾರವು ತಜ್ಞರನ್ನಿಟ್ಟುಕೊಂಡು ಮಾಡಿಸಿದ ಇಂಥ ಜೋಡಣೆಯನ್ನು ಚಿಕ್ಕದೊಂದು ಸಂಸ್ಥೆ ಕೋಡ್ ಬರೆಯಬಲ್ಲವರ ನೆರವಿಲ್ಲದೆ ತಾನೇ ಮಾಡಿಕೊಳ್ಳಬಹುದೆ? ಮಾಡಿಕೊಳ್ಳಬಹುದು. ಅದರ ಬಗೆಯನ್ನು ತಿಳಿಯಲು ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ.

ಕೃಷ್ಣರಾಜನಗರದ ಕಾವೇರಿ ಬಯಲಿನ ಅಕ್ಕಿಯನ್ನೂ ಹುಣಸೂರು, ಪಿರಿಯಾಪಟ್ಟಣಗಳ ಶುಂಠಿಯನ್ನೂ ಹೆಗ್ಗಡದೇವನಕೋಟೆಯ ಜೇನನ್ನೂ ಒಟ್ಟುಗೂಡಿಸಿ ಮಾರುವ ಒಂದು ರೈತ ಉತ್ಪಾದಕರ ಕಂಪನಿ ಇದೆ ಎಂದುಕೊಳ್ಳೋಣ. ಮೈಸೂರು, ಬೆಂಗಳೂರುಗಳ ಅಂಗಡಿಕಾರರು, ಹೋಟೆಲಿನವರು, ಊರು ಬಿಟ್ಟು ದೂರ ನೆಲಸಿದ ಕುಟುಂಬಗಳವರು ಅದರ ಗಿರಾಕಿಗಳು. ಕಂಪನಿಯ ಬಳಿ ಎರಡು ಪಟ್ಟಿಗಳಿವೆ. ಮೊದಲನೆಯದು ಇ-ಮೇಲ್ ಗುಂಪು. ಒಂದೇ ವಿಳಾಸಕ್ಕೆ ಬರೆದ ಪತ್ರ ಗುಂಪಿನ ಸದಸ್ಯರೆಲ್ಲರಿಗೂ ತಲುಪುವ ಏರ್ಪಾಡು ಇದು. 2001ರಲ್ಲಿ ಬಂದ ‘ಗೂಗಲ್ ಗ್ರೂಪ್ಸ್’ ಈ ಬಗೆಯದು. ಯಾವ ಅಕ್ಕಿ ಸಿದ್ಧವಾಗಿದೆ, ದರವೆಷ್ಟು ಎಂಬ ಪತ್ರಗಳು ಇದರ ಮೂಲಕ ಹೋಗುತ್ತವೆ. ಎರಡನೆಯದು ಗಿರಾಕಿಗಳ ನಿರ್ವಹಣೆಯ ತಂತ್ರಾಂಶ. ಇದಕ್ಕೆ ವಾಡಿಕೆಯ ಹೆಸರು ಸಿ.ಆರ್.ಎಂ. ಇದು ಹೊಸ ಕಾಲದ ಖಾತೆ ಪುಸ್ತಕ. ಯಾರು ಎಷ್ಟು ಕೊಂಡರು, ಯಾರ ಬಾಕಿ ಎಷ್ಟು, ಹಿಂದಿನ ಬಾರಿ ಯಾರು ಏನೆಂದು ದೂರಿದರು ಎಂಬುದೆಲ್ಲ ಇದರ ಒಬ್ಬೊಬ್ಬರ ಪುಟದಲ್ಲಿರುತ್ತದೆ.

ಈ ಎರಡು ಪಟ್ಟಿಗಳಿಗೆ ಸಂಬಂಧವಿಲ್ಲದಿದ್ದರೆ ನಷ್ಟ ಯಾರಿಗೆ? ಹೊಸ ಗಿರಾಕಿಯ ಹೆಸರು ಸಿ.ಆರ್.ಎಂ.ನಲ್ಲಿ ಸೇರಿತು, ಗುಂಪಿಗೆ ಸೇರಲಿಲ್ಲ. ಅಕ್ಕಿ ಬಂದ ಸುದ್ದಿ ಅವನಿಗೆ ತಿಳಿಯಲಿಲ್ಲ. ಅವನು ಬೇರೆಡೆ ಕೊಂಡನು. ಗೋದಾಮಿನಲ್ಲಿ ಉಳಿದ ಮೂಟೆಯನ್ನು ರೈತ ಕಡಿಮೆ ದರಕ್ಕೆ ಬಿಡಬೇಕಾಯಿತು. ಗುಮಾಸ್ತನ ಮರೆವಿನ ಬೆಲೆಯನ್ನು ತೆತ್ತವನು ಗದ್ದೆಯಲ್ಲಿ ದುಡಿದವನು.

ಪಟ್ಟಿಯನ್ನು ಕೈಯಿಂದ ತಿದ್ದುವ ಬವಣೆ ಇ-ಮೇಲ್ ಗುಂಪುಗಳಷ್ಟೇ ಹಳೆಯದು. 1980ರ ದಶಕದಲ್ಲಿ ವಿಶ್ವವಿದ್ಯಾನಿಲಯಗಳನ್ನು ಕೂಡಿಸುತ್ತಿದ್ದ ‘ಬಿಟ್‌ನೆಟ್’ ಎಂಬ ಜಾಲದಲ್ಲಿ, ಗುಂಪಿಗೆ ಸೇರಬಯಸಿದವರು ಪತ್ರ ಬರೆದು, ಯಾರಾದರೊಬ್ಬರು ತಮ್ಮ ಹೆಸರನ್ನು ಸೇರಿಸುವವರೆಗೆ ಕಾಯಬೇಕಾಗಿತ್ತು. 1986ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಎರಿಕ್ ಥಾಮಸ್ ಎಂಬವನು ಬರೆದ ‘ಲಿಸ್ಟ್‌ಸರ್ವ್’ ಎಂಬ ಕ್ರಮವಿಧಿ ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿತು. ಆದರೆ ಅದು ಒಂದು ಪಟ್ಟಿಯ ಒಳಗಿನ ಮಾತು. ಬೇರೆ ಬೇರೆ ಕಂಪನಿಗಳು ನಿರ್ಮಿಸಿದ ಎರಡು ತಂತ್ರಾಂಶಗಳು ಪರಸ್ಪರ ಮಾತನಾಡಬೇಕಾದರೆ, ಹೊರಗಿನವರು ಕೇಳಲು ಮತ್ತು ಕೊಡಲು ಪ್ರತಿಯೊಂದಕ್ಕೂ ಒಂದು ಬಾಗಿಲಿರಬೇಕು. ಇದಕ್ಕೆ ‘ಎ.ಪಿ.ಐ.’ ಎಂದು ಹೆಸರು. ಕೋಡ್ ಬಲ್ಲವರು ಮಾತ್ರ ತಟ್ಟಬಹುದಾಗಿದ್ದ ಬಾಗಿಲು ಇದು. ಅಮೆರಿಕದಲ್ಲಿ 2011ರಲ್ಲಿ ಹುಟ್ಟಿದ ‘ಜೇಪಿಯರ್’, ತಮಿಳುನಾಡಿನ ಜೊಹೊ ಕಂಪನಿಯ ‘ಜೊಹೊ ಫ್ಲೋ’ ಮೊದಲಾದ ಸೇವೆಗಳು ಈ ಬಾಗಿಲನ್ನು ಸಾಮಾನ್ಯರ ಪರವಾಗಿ ತಟ್ಟುತ್ತವೆ. ಬಳಸುವವನು ಪರದೆಯ ಮೇಲಿನ ಚೌಕಗಳನ್ನು ತುಂಬಿದರೆ ಸಾಕು. ಕೋಡ್ ಇಲ್ಲವೆಂದಲ್ಲ, ಬೇರೆಯವರು ಅದನ್ನು ಬರೆದಿಟ್ಟಿದ್ದಾರೆ, ಅಷ್ಟೆ.

ತುಂಬಬೇಕಾದ ಚೌಕಗಳು ಮುಖ್ಯವಾಗಿ ಎರಡು: ಯಾವುದು ನಡೆದಾಗ, ಏನು ಮಾಡಬೇಕು. ‘ಸಿ.ಆರ್.ಎಂ.ನಲ್ಲಿ ಹೊಸ ಗಿರಾಕಿಯ ಪುಟ ತೆರೆದು, ದರಪತ್ರ ಬೇಕೆಂಬ ಗುರುತು ಹಾಕಿದಾಗ’ ಎಂಬುದು ಘಟನೆ. ‘ಆ ವಿಳಾಸವನ್ನು ಗುಂಪಿಗೆ ಸೇರಿಸು’ ಎಂಬುದು ಕ್ರಿಯೆ. ಎದುರು ದಿಕ್ಕಿನಲ್ಲಿಯೂ ಹೀಗೆಯೇ. ಗುಂಪಿಗೆ ಬಂದ ಪ್ರತಿ ಪತ್ರದ ನಕಲು ಕಂಪನಿಯ ಒಂದು ಅಂಚೆಪೆಟ್ಟಿಗೆಗೂ ಬೀಳುವಂತೆ ಏರ್ಪಡಿಸಿದರೆ, ಜೋಡಿಸುವ ಸೇವೆ ಅದನ್ನು ನೋಡಿ, ಬರೆದವನ ಪುಟದಲ್ಲಿ ‘ಇಂಥ ದಿನ ಶುಂಠಿಯ ಬಗ್ಗೆ ವಿಚಾರಿಸಿದರು’ ಎಂಬ ಟಿಪ್ಪಣಿ ಸೇರಿಸುತ್ತದೆ.

ಇಷ್ಟು ಅರ್ಧ ಗಂಟೆಯ ಕೆಲಸ. ಕಷ್ಟವಿರುವುದು ಗುರುತಿನಲ್ಲಿ. ಬರೆದವನು ಹಳೆಯ ಗಿರಾಕಿಯೋ ಹೊಸಬನೋ ಎಂಬುದನ್ನು ಯಂತ್ರ ಹೇಗೆ ತಿಳಿಯಬೇಕು? ಹೆಸರಿನಿಂದ ಎಂದರೆ ಕೆಟ್ಟಿತು. ಒಂದೇ ಗ್ರಾಮದಲ್ಲಿ ನಾಲ್ವರು ಸಿದ್ದೇಗೌಡರಿರಬಹುದು. ಒಬ್ಬನೇ ಸಿದ್ದೇಗೌಡನ ಹೆಸರನ್ನು ನಾಲ್ಕು ಜನ ನಾಲ್ಕು ಬಗೆಯಾಗಿ ಬರೆದಿರಬಹುದು. ಊರಿನ ಹೆಸರುಗಳೂ ಕಡಿಮೆಯೇನಲ್ಲ. ಕೆ.ಆರ್. ನಗರವೂ ಕೃಷ್ಣರಾಜನಗರವೂ ಒಂದೇ, ಎಚ್.ಡಿ. ಕೋಟೆಯೂ ಹೆಗ್ಗಡದೇವನಕೋಟೆಯೂ ಒಂದೇ, ಪಿರಿಯಾಪಟ್ಟಣವೂ ಪೆರಿಯಾಪಟ್ಟಣವೂ ಒಂದೇ ಎಂಬುದು ಬಸ್ಸಿನ ನಿರ್ವಾಹಕನಿಗೆ ಗೊತ್ತು. ಯಂತ್ರಕ್ಕೆ ಅವು ಆರು ಊರುಗಳು! ಈ ಸೀಮೆಯಲ್ಲಿ ಹೊಗೆಸೊಪ್ಪು ಬೆಳೆಯುವವರು ಇದರ ಮರ್ಮವನ್ನು ಬಹಳ ಹಿಂದೆಯೇ ಕಂಡಿದ್ದಾರೆ. 1976ರಲ್ಲಿ ಸ್ಥಾಪನೆಯಾದ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಲ್ಲಿ ಬೆಳೆಗಾರನನ್ನು ಗುರುತಿಸುವುದು ಹೆಸರಿನಿಂದಲ್ಲ, ನೋಂದಣಿಯ ಸಂಖ್ಯೆಯಿಂದ. ಹಾಗೆಯೇ ಇಲ್ಲಿ ಇ-ಮೇಲ್ ವಿಳಾಸವನ್ನು ಗುರುತಾಗಿ ಇಟ್ಟುಕೊಳ್ಳಬೇಕು. ಮೊದಲು ಹುಡುಕು, ಸಿಕ್ಕಿದರೆ ಆ ಪುಟವನ್ನು ತಿದ್ದು, ಸಿಗದಿದ್ದರೆ ಮಾತ್ರ ಹೊಸ ಪುಟ ತೆರೆ—ಈ ಕ್ರಮ ತಪ್ಪಿದರೆ ಒಬ್ಬ ಗಿರಾಕಿಗೆ ಐದು ಪುಟಗಳಾಗಿ, ಬಾಕಿ ಒಂದರಲ್ಲಿ, ಪಾವತಿ ಇನ್ನೊಂದರಲ್ಲಿ ಕುಳಿತುಬಿಡುತ್ತವೆ.

ಎರಡು ದಿಕ್ಕಿನಲ್ಲಿಯೂ ಜೋಡಿಸುವವರು ಇನ್ನೊಂದನ್ನು ಗಮನಿಸಬೇಕು. ಗುಂಪಿನ ಬದಲಾವಣೆ ಸಿ.ಆರ್.ಎಂ.ಅನ್ನು ತಿದ್ದಿ, ಆ ತಿದ್ದುಪಡಿಯೇ ಮತ್ತೆ ಗುಂಪನ್ನು ತಿದ್ದತೊಡಗಿದರೆ ಗಾಣದೆತ್ತಿನ ಸುತ್ತಾಟವಾಗುತ್ತದೆ. ಇಂಥ ಸೇವೆಗಳಲ್ಲಿ ಅನೇಕವು ನಡೆದ ಕ್ರಿಯೆಗಳ ಲೆಕ್ಕದಲ್ಲಿ ಹಣ ಪಡೆಯುವುದರಿಂದ ಈ ಸುತ್ತಾಟಕ್ಕೆ ಬಾಡಿಗೆಯೂ ಬೀಳುತ್ತದೆ. ಯಾವ ವಿವರಕ್ಕೆ ಯಾವ ಪಟ್ಟಿ ಯಜಮಾನ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು.

ಸೇರಿಸುವ ದಾರಿಯನ್ನು ಉತ್ಸಾಹದಿಂದ ನಿರ್ಮಿಸುವವರು ಬಿಡಿಸುವ ದಾರಿಯನ್ನು ಮರೆಯುವುದೇ ಹೆಚ್ಚು. ಗಿರಾಕಿಯೊಬ್ಬನು ‘ನನಗೆ ಇನ್ನು ಪತ್ರ ಬೇಡ’ ಎಂದು ಗುಂಪಿನಿಂದ ಹೊರಬಂದನು, ಸಿ.ಆರ್.ಎಂ.ನಲ್ಲಿ ಹಳೆಯ ಗುರುತು ಹಾಗೆಯೇ ಇತ್ತು. ಯಾರೋ ಅವನ ಪುಟ ತಿದ್ದಿದೊಡನೆ ಯಂತ್ರ ಅವನನ್ನು ಮತ್ತೆ ಗುಂಪಿಗೆ ಎಳೆತಂದಿತು. ಇದು ಅಚಾತುರ್ಯ ಮಾತ್ರವಲ್ಲ. ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದೆಗೆದುಕೊಳ್ಳುವ ಅವಕಾಶವಿರಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹೇಳುತ್ತದೆ. ಆದುದರಿಂದ ‘ಬೇಡ’ ಎಂಬ ಮಾತು ಎಲ್ಲಿ ಬಂದರೂ ಅದು ಎರಡೂ ಕಡೆ ದಾಖಲಾಗಬೇಕು. ‘ಬೇಕು’ ಎಂಬ ಹಳೆಯ ಗುರುತಿಗಿಂತ ಅದಕ್ಕೆ ಬಲ ಹೆಚ್ಚಿರಬೇಕು.

ಎಲ್ಲವನ್ನೂ ಸರಿಯಾಗಿ ಕಟ್ಟಿದ ಮೇಲೂ ಕೊಂಡಿ ಒಮ್ಮೊಮ್ಮೆ ಕಳಚುತ್ತದೆ. ಗುಪ್ತಪದ ಬದಲಾಗಿರಬಹುದು, ಚೌಕವೊಂದರ ಹೆಸರನ್ನು ಯಾರೋ ತಿದ್ದಿರಬಹುದು. ಗುಮಾಸ್ತ ಕೆಲಸಕ್ಕೆ ಬರದಿದ್ದರೆ ಅವನ ಖಾಲಿ ಗದ್ದುಗೆ ಕಣ್ಣಿಗೆ ಬೀಳುತ್ತಿತ್ತು. ಯಂತ್ರ ನಿಂತರೆ ಅಂಥ ಯಾವ ಕುರುಹೂ ಇಲ್ಲ. ನಡೆದ ಮತ್ತು ನಡೆಯದೆ ಹೋದ ಕ್ರಿಯೆಗಳ ಪಟ್ಟಿಯನ್ನು ಈ ಸೇವೆಗಳು ಇಟ್ಟಿರುತ್ತವೆ. ವಾರಕ್ಕೊಮ್ಮೆಯಾದರೂ ಅದನ್ನು ತೆರೆದು ನೋಡುವ ಹೊಣೆಯನ್ನು ಕಚೇರಿಯಲ್ಲಿ ಒಬ್ಬರ ಹೆಸರಿಗೆ ಬರೆದಿಡಬೇಕು. ಕೊಯ್ಲಿನ ತಿಂಗಳುಗಳಲ್ಲಿ, ಅಕ್ಕಿಯ ಪತ್ರ ಹೊರಡುವ ಮುನ್ನ, ದಿನಕ್ಕೊಮ್ಮೆ ನೋಡಬೇಕು.