ಸಲಿಕೆ ಹಿಡಿದ ಮಲ್ಲರು

ಹಿಮವೆಂದೊಡನೆ ನಮ್ಮ ನಾಡಿನವರಿಗೆ ನೆನಪಾಗುವುದು ಕ್ಯಾಲೆಂಡರಿನ ಕೈಲಾಸ ಪರ್ವತ. ದೂರದಿಂದ ನೋಡಿ ಕೈಮುಗಿದರೆ ನಮ್ಮ ಕೆಲಸ ಮುಗಿಯಿತು. ಆದರೆ ಆ ಹಿಮವೇ ಬೆಳಗಾಗುವಷ್ಟರಲ್ಲಿ ಮನೆಯ ಬಾಗಿಲಿಗೆ ಬಂದು ಮೊಣಕಾಲೆತ್ತರ ನಿಂತರೆ? ಅಮೆರಿಕದ ಈಶಾನ್ಯ ಭಾಗದ ಊರುಗಳಲ್ಲಿ ಚಳಿಗಾಲದ ಪಾಡು ಇದೇ. ಅಲ್ಲಿ ನೆಲೆಸಿರುವ ಕನ್ನಡ ಮನೆತನಗಳ ಮಕ್ಕಳೂ ಸಲಿಕೆ ಹಿಡಿದು ಅಂಗಳಕ್ಕಿಳಿಯುತ್ತಾರೆ. ಒಲಿಂಪಿಕ್ಸ್ ಪಟ್ಟಿಯಲ್ಲಿ ಈ ಕ್ರೀಡೆಗೆ ಇನ್ನೂ ಸ್ಥಾನ ದೊರೆತಿಲ್ಲ. ಆದರೇನಂತೆ? ಕ್ರೀಡೆಗೆ ಬೇಕಾದ ಕಣ, ಕಾಲಮಿತಿ, ಎದುರಾಳಿ, ಪಾರಿತೋಷಕ ಎಲ್ಲವೂ ಇಲ್ಲಿವೆ.

ಕಣ ಮತ್ತು ಕಾಲಮಿತಿ

ಬಾಸ್ಟನ್ ನಗರದಲ್ಲಿ ಹಿಮ ಸುರಿಯುವುದು ನಿಂತ 3 ಗಂಟೆಗಳೊಳಗೆ ಮನೆಯ ಮುಂದಿನ ಕಾಲುದಾರಿಯನ್ನು ಕನಿಷ್ಠ 42 ಅಂಗುಲ ಅಗಲಕ್ಕೆ ತೆರವು ಮಾಡಬೇಕು. ರಾತ್ರಿ ಬಿದ್ದ ಹಿಮಕ್ಕೆ ಸೂರ್ಯೋದಯದಿಂದ 3 ಗಂಟೆಗಳ ಗಡುವು. ತಪ್ಪಿದರೆ ದಂಡ. ಇನ್ನು ಕಾರು ಹೊರಡುವ ದಾರಿಯ ಲೆಕ್ಕ ನೋಡೋಣ. 20 ಅಡಿ ಅಗಲ, 30 ಅಡಿ ಉದ್ದದ ಜಾಗದಲ್ಲಿ ಒಂದು ಅಡಿ ಹಿಮ ಬಿದ್ದಿತೆಂದರೆ, ಹತ್ತಿಯಂತೆ ಹಗುರವಾದ ಹಿಮವೇ ಆದರೂ ಅದರ ತೂಕ ಒಂದೂವರೆ ಟನ್ನನ್ನು ಮೀರುತ್ತದೆ. ಸಲಿಕೆಗೆ 5 ಕಿಲೋದಂತೆ 300ಕ್ಕೂ ಹೆಚ್ಚು ಸಲ ಬಾಗಿ ಏಳಬೇಕು. ನೀರು ಕುಡಿದ ಹಿಮವಾದರೆ ಭಾರ ಮೂರು ಪಟ್ಟಾದೀತು.

ಎದುರಾಳಿಗಳು

ಮೊದಲ ಎದುರಾಳಿ ಪಕ್ಕದ ಮನೆಯವನು. ಅವನ ಸಲಿಕೆಯ ಸದ್ದು ಕೇಳಿದ ಮೇಲೆ ಹಾಸಿಗೆಯಲ್ಲಿ ಮಲಗಿರಲು ಮನಸ್ಸು ಒಪ್ಪದು. ಆದರೆ ನಿಜವಾದ ಬಲಭೀಮ ಬೇರೆಯೇ ಇದ್ದಾನೆ. ಅವನೇ ರಸ್ತೆಯ ಹಿಮ ತಳ್ಳುವ ನಗರಾಡಳಿತದ ವಾಹನ. ನೀವು ಬೆವರು ಸುರಿಸಿ ದಾರಿ ಬಿಡಿಸಿ, ಸೊಂಟ ನೆಟ್ಟಗೆ ಮಾಡುವ ಹೊತ್ತಿಗೆ ಅದು ಬಂದು, ರಸ್ತೆಯ ಹಿಮವನ್ನೆಲ್ಲ ನಿಮ್ಮ ದಾರಿಯ ಬಾಯಿಗೆ ಒಡ್ಡು ಕಟ್ಟಿ ಹೋಗುತ್ತದೆ. ಆಟ ಮತ್ತೆ ಮೊದಲಿನಿಂದ!

ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸುವವರ ಕಥೆಯೂ ಸ್ವಾರಸ್ಯವಾದುದು. ತಾವು ತೋಡಿದ ಜಾಗವನ್ನು ಇತರರು ಕಬಳಿಸದಂತೆ ಅಲ್ಲೊಂದು ಹಳೆಯ ಕುರ್ಚಿಯನ್ನಿಟ್ಟು ಹೋಗುವುದು ಬಾಸ್ಟನ್ನಿನ ಸಂಪ್ರದಾಯ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುವ ನಮಗೆ ಇದರ ನ್ಯಾಯವನ್ನು ಯಾರೂ ವಿವರಿಸಬೇಕಿಲ್ಲ. ಘೋಷಿತ ಹಿಮ ತುರ್ತುಸ್ಥಿತಿ ಮುಗಿದ ಬಳಿಕ 48 ಗಂಟೆಗಳವರೆಗೆ ನಗರಾಡಳಿತವೂ ಇದನ್ನು ಸಹಿಸಿಕೊಳ್ಳುತ್ತದೆ.

ಚಿನ್ನದ ಉಂಡೆ

ಈ ಕ್ರೀಡೆಯಲ್ಲಿ ಊರೂರುಗಳ ಪಂದ್ಯವೂ ಉಂಟು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್, ರಾಚೆಸ್ಟರ್, ಬಫಲೊ, ಆಲ್ಬನಿ ಮತ್ತು ಬಿಂಗ್‌ಹ್ಯಾಮ್‌ಟನ್ ನಗರಗಳಲ್ಲಿ ಯಾವುದಕ್ಕೆ ಹೆಚ್ಚು ಹಿಮ ಬೀಳುವುದೋ ಅದಕ್ಕೆ 'ಗೋಲ್ಡನ್ ಸ್ನೋಬಾಲ್' ಎಂಬ ಪ್ರಶಸ್ತಿ. ಬೆಚ್ಚನೆಯ ಸರೋವರದ ಮೇಲೆ ಹಾಯುವ ತಣ್ಣನೆಯ ಗಾಳಿ ತೇವವನ್ನು ಹೀರಿ, ದಡದ ಊರುಗಳ ಮೇಲೆ ಹಿಮವಾಗಿ ಸುರಿಸುತ್ತದೆ. 1992–93ರ ಚಳಿಗಾಲದಲ್ಲಿ ಸಿರಾಕ್ಯೂಸ್‌ಗೆ ಬಿದ್ದದ್ದು 192.1 ಅಂಗುಲ, ಅಂದರೆ 16 ಅಡಿ! ಯಾರ ಸೊಂಟ ಹೆಚ್ಚು ನೋಯುವುದೋ ಅವರಿಗೇ ಕೀರ್ತಿ ಎಂಬ ನಿಯಮ ಬೇರಾವ ಪಂದ್ಯದಲ್ಲಿದೆ?

ನಗೆಯ ಹಿಂದಿನ ಎಚ್ಚರ

ಆದರೆ ಈ ಆಟದಲ್ಲಿ ಪಣಕ್ಕಿಡುವುದು ಹೃದಯವನ್ನು. 1990ರಿಂದ 2006ರವರೆಗಿನ ಅಂಕಿ ಅಂಶಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಂತೆ, ಅಮೆರಿಕದಲ್ಲಿ ಹಿಮ ತೋಡುವಾಗಿನ ಅವಘಡಗಳಿಂದ ವರ್ಷಕ್ಕೆ ಸರಾಸರಿ 11,500 ಪ್ರಕರಣಗಳು ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದಿದ್ದವು. ಆ 17 ವರ್ಷಗಳಲ್ಲಿ ಪ್ರಾಣ ಕಳೆದುಕೊಂಡವರು 1,647 ಮಂದಿ. ಅವರೆಲ್ಲರ ಸಾವಿಗೂ ಹೃದಯದ ತೊಂದರೆಯೇ ಕಾರಣವಾಗಿತ್ತು. ತೋಳುಗಳ ದುಡಿಮೆ ಹೃದಯದ ಬಡಿತವನ್ನು ಏರಿಸುತ್ತದೆ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯುವುದರಿಂದ ರಕ್ತದೊತ್ತಡ ಹೆಚ್ಚುತ್ತದೆ. ಚಳಿಯು ರಕ್ತನಾಳಗಳನ್ನು ಕುಗ್ಗಿಸುತ್ತದೆ. ವರ್ಷವಿಡೀ ಕುರ್ಚಿಯಲ್ಲಿ ಕುಳಿತಿದ್ದವನು ಒಮ್ಮೆಲೇ ಮಲ್ಲನಾಗಲು ಹೊರಟರೆ ಅಪಾಯ ಸಹಜ. ಅದರಲ್ಲಿಯೂ ಭಾರತೀಯ ಮೂಲದವರಿಗೆ ಹೃದಯರೋಗದ ಸಂಭವ ಹೆಚ್ಚೆಂದು ವೈದ್ಯರು ಹೇಳುತ್ತಾರೆ.

ಆದುದರಿಂದ ಈ ಕ್ರೀಡೆಯ ನಿಯಮಗಳನ್ನು ಪಾಲಿಸುವುದು ಲೇಸು. ಮೊದಲು ಮೈ ಬೆಚ್ಚಗಾಗಲಿ. ಸಲಿಕೆ ತುಂಬಾ ತುಂಬದೆ ಸ್ವಲ್ಪ ಸ್ವಲ್ಪವೇ ಎತ್ತಬೇಕು. ತಳ್ಳಲು ಸಾಧ್ಯವಿರುವಲ್ಲಿ ಎತ್ತಲೇಬಾರದು. ಸೊಂಟ ಬಾಗಿಸದೆ ಮೊಣಕಾಲು ಮಡಿಸಬೇಕು. ನಡುನಡುವೆ ನಿಂತು ದಣಿವಾರಿಸಿಕೊಳ್ಳಬೇಕು. ಎದೆ ಹಿಡಿದಂತಾದರೆ, ಉಸಿರು ಕಟ್ಟಿದರೆ ಸಲಿಕೆಯನ್ನು ಅಲ್ಲೇ ಬಿಟ್ಟು ವೈದ್ಯರ ನೆರವು ಪಡೆಯಬೇಕು. ಮಗಳ ಮನೆಗೆಂದು ಹೋದ ಹಿರಿಯರು "ಹೊಲದಲ್ಲಿ ಗುದ್ದಲಿ ಹಿಡಿದ ಕೈ ಇದು" ಎಂದು ಅಳಿಯನ ಕೈಯಿಂದ ಸಲಿಕೆ ಕಸಿಯದಿರುವುದೇ ಒಳಿತು. ಹರೆಯದ ಮಕ್ಕಳಿಗೆ ಬಿಡುವಿದ್ದರೆ, ಪಕ್ಕದ ಮನೆಯ ವೃದ್ಧ ದಂಪತಿಗಳ ಕಾಲುದಾರಿಯನ್ನೂ ಬಿಡಿಸಿಕೊಡಲಿ. ಪದಕವಿಲ್ಲದಿದ್ದರೂ ಅದು ಈ ಆಟದ ಅತ್ಯುತ್ತಮ ವಿಜಯ.

ದೂರದಲ್ಲಿರುವ ಮಕ್ಕಳು ಫೋನಿನಲ್ಲಿ "ಇಲ್ಲಿ ಒಂದಡಿ ಹಿಮ ಬಿದ್ದಿದೆ" ಎಂದಾಗ, "ನೋಡಲು ಎಷ್ಟು ಚೆಂದ!" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. "ನಡುವೆ ಕುಳಿತು ವಿಶ್ರಾಂತಿ ತೆಗೆದುಕೊಂಡೆಯಾ, ಮಗಾ?" ಎಂದೂ ಕೇಳಿರಿ. ಹೇಗೂ ವಸಂತದ ಬಿಸಿಲು ಬಂದಾಗ ಉಳಿದ ಹಿಮ ತಾನಾಗಿಯೇ ಕರಗುತ್ತದೆ. ಅಲ್ಲಿಯವರೆಗೆ ಸಮಯಕ್ಕೆ ಸರಿಯಾಗಿ ಸಲಿಕೆ ಕೆಳಗಿಟ್ಟು, ಮನೆಯವರೊಡನೆ ಬಿಸಿ ಉಪ್ಪಿಟ್ಟಿಗೆ ಕುಳಿತವನೇ ನಿಜವಾದ ಗೆಲುವಿನ ಮಲ್ಲ.