ಸೂರ್ಯನ್ ಅವರ ಕೊಳವೆಯಲ್ಲಿ ಹರಿದ ನೀರು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಯಾರಿಗಾದರೂ ಲಕ್ವ ಹೊಡೆದರೆ, ತಲೆಯಲ್ಲಿ ಗಡ್ಡೆಯ ಗುಮಾನಿ ಬಂದರೆ ಗಾಡಿ ಹೆಚ್ಚಾಗಿ ಹುಬ್ಬಳ್ಳಿಯ ದಾರಿ ಹಿಡಿಯುತ್ತದೆ. ಎಂಆರ್‌ಐ ಕೋಣೆಯ ಹೊರಗೆ ‘ಕಾಂಟ್ರಾಸ್ಟ್ ಕೊಡಬೇಕ್ರಿ, ಕ್ರಿಯಾಟಿನಿನ್ ರಿಪೋರ್ಟ್ ಐತೇನ್ರಿ?’ ಎಂಬ ಪ್ರಶ್ನೆ ಬರುತ್ತದೆ. ಕಿಡ್ನಿ ಸೋತವರಿಗೆ ಆ ಕಾಂಟ್ರಾಸ್ಟ್ ಔಷಧದೊಳಗಿನ ಗ್ಯಾಡೋಲಿನಿಯಂ ಒಗ್ಗದಿರಬಹುದು, ಅದಕ್ಕೇ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ವಿಚಾರಣೆ. ಎಂಆರ್‌ಐ ಚರಿತ್ರೆ ಹೇಳುವವರು ಅಮೆರಿಕ, ಇಂಗ್ಲೆಂಡಿನಿಂದ ಶುರುಮಾಡುತ್ತಾರೆ. ಮಾಡಲಿ. ಆದರೆ ಅದೇ ವಿದ್ಯೆ ನೀರಿನ, ರಕ್ತದ ಹರಿವನ್ನು ಹಿಡಿದ ಕತೆ ಬೆಂಗಳೂರಿನಿಂದಲೇ ಶುರುವಾಗಬೇಕು.

1951. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅಯಸ್ಕಾಂತದ ಧ್ರುವಗಳ ನಡುವೆ ಕೊಳವೆಯಿಟ್ಟು ನೀರು ಹರಿಸಿದರು. ನಿಂತ ನೀರಿನ ಪ್ರೋಟಾನುಗಳು ರೇಡಿಯೊ ತರಂಗ ಉಂಡು ಉಂಡು ತಣಿದುಬಿಡುತ್ತವೆ, ಸಂಕೇತ ಸೊರಗುತ್ತದೆ. ನೀರು ಹರಿದರೆ ಉಂಡವು ಎದ್ದು ಹೋಗಿ ಹಸಿದವು ಪಂಕ್ತಿಗೆ ಬರುತ್ತವೆ, ಸಂಕೇತ ಮತ್ತೆ ಏರುತ್ತದೆ. ಎಷ್ಟು ಏರಿತೆಂಬುದರಲ್ಲೇ ಹರಿವಿನ ವೇಗದ ಸುಳಿವಿದೆ. ಪ್ರೋಟಾನುಗಳು ಹೀಗೆ ರೇಡಿಯೊ ತರಂಗ ಉಣ್ಣುವ ಅನುರಣನವನ್ನು ಕಂಡುಹಿಡಿದ ಬ್ಲಾಕ್, ಪರ್ಸೆಲ್ ಜೋಡಿಗೆ ನೊಬೆಲ್ ಬಂದದ್ದೇ ಮರುವರ್ಷ! ಸೂರ್ಯನ್ ಲೇಖನ ಅಚ್ಚಾದದ್ದು ರಾಮನ್ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಶಾಲೆಯಲ್ಲಿ ನಮಗೆ ರಾಮನ್ ಪರಿಣಾಮ ಉರು ಹೊಡೆಸಿದರು. ಸೂರ್ಯನ್ ಹೆಸರನ್ನು ಒಬ್ಬ ಮಾಸ್ತರರೂ ಎತ್ತಲಿಲ್ಲ.

1959ರಲ್ಲಿ ಬರ್ಕ್ಲಿಯ ಸಿಂಗರ್ ಇಲಿಯ ಬಾಲದಲ್ಲಿ ರಕ್ತದ ಹರಿವನ್ನು ಅಳೆದರು. ಚಿತ್ರ ತೆಗೆಯುವ ವಿದ್ಯೆ ಬಂದದ್ದು ಆಮೇಲೆ. ಗ್ಯಾಡೋಲಿನಿಯಂ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ 1988ರಲ್ಲೇ ಬೋಸ್ಟನ್ನಿನ ವಿಲ್‌ರಿಂಗರ್, ರೋಸೆನ್ ತಂಡ ಹರಿವನ್ನು ಕಾಣಿಸುವ ಅದರ ಗುಣವೊಂದನ್ನು ತೋರಿಸಿತು. ರಕ್ತನಾಳದಲ್ಲಿ ಗುಂಪಾಗಿ ಸಾಗುವಾಗ ಅದು ಸುತ್ತಲಿನ ಕಾಂತಕ್ಷೇತ್ರವನ್ನು ಕದಡುತ್ತದೆ. ಸೆಕೆಂಡಿಗೋ ಎರಡು ಸೆಕೆಂಡಿಗೋ ಒಂದು ಚಿತ್ರ ತೆಗೆಯುತ್ತ ಹೋದರೆ ಮೆದುಳು ಸ್ವಲ್ಪ ಹೊತ್ತು ಕಪ್ಪಿಟ್ಟು ಮತ್ತೆ ಬೆಳಗುವುದು ಕಾಣುತ್ತದೆ. ಎಲ್ಲಿ ಕಪ್ಪಿಡಲು ತಡವಾಯಿತೋ ಅಲ್ಲಿಗೆ ರಕ್ತ ಸರಿಯಾಗಿ ತಲುಪುತ್ತಿಲ್ಲ. 1991ರಲ್ಲಿ ಬೆಲ್ಲಿವೊ ಸಂಗಡಿಗರು ಜನರ ಕಣ್ಣಿಗೆ ಮಿನುಗು ಬೆಳಕು ತೋರಿಸಿ, ಇದೇ ಔಷಧ ಚುಚ್ಚಿ, ನೋಡುವಾಗ ದುಡಿಯುವ ಮೆದುಳಿನ ಭಾಗವನ್ನು ಗುರುತಿಸಿದರು.

ಎಂಆರ್‌ಐಗೆ ಸಂದ 2003ರ ನೊಬೆಲ್ ಲಾಟರ್‌ಬರ್, ಮ್ಯಾನ್ಸ್‌ಫೀಲ್ಡ್ ಪಾಲಾದಾಗ, ಅದರಲ್ಲಿ ತನಗೂ ಪಾಲಿದೆ ಎನ್ನುತ್ತಿದ್ದ ಡಮೇಡಿಯನ್ ಕಡೆಯವರು ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು ಜಗಳ ತೆಗೆದರು. ಸೂರ್ಯನ್ ಪರವಾಗಿ ಜಗಳಾಡುವವರು ನಮ್ಮಲ್ಲಿ ಯಾರಿದ್ದರು?

ಸೂರ್ಯನ್ ಉಪಾಯದ ನಿಜವಾದ ಮೊಮ್ಮಗ ಹುಟ್ಟಿದ್ದು 1992ರಲ್ಲಿ. ಡೆಟ್ರೆ, ಕೊರೆಟ್ಸ್ಕಿ ಮತ್ತಿತರರು ಕುತ್ತಿಗೆಯಲ್ಲೇ ರಕ್ತದ ನೀರಿಗೆ ಕಾಂತದ ಗುರುತು ಹಾಕಿ, ಇಲಿಯ ಮೆದುಳಿಗೆ ಅದೆಷ್ಟು ತಲುಪಿತೆಂದು ನೋಡಿದರು. ಚುಚ್ಚುಮದ್ದೇ ಬೇಡ, ಕಿಡ್ನಿ ಸೋತವರಿಗೂ ತೊಂದರೆಯಿಲ್ಲ. ಆದರೆ ಆ ಗುರುತು ಬಲು ಕ್ಷೀಣ. ಕೆಲವು ನಿಮಿಷ ಮತ್ತೆ ಮತ್ತೆ ಚಿತ್ರ ತೆಗೆಯಬೇಕು, ಅಷ್ಟು ಹೊತ್ತೂ ತಲೆ ಅಲುಗಿಸುವಂತಿಲ್ಲ. ಲಕ್ವ ಹೊಡೆದು ಚಡಪಡಿಸುವವರಿಗೆ ಅದು ಕಷ್ಟ. ಹಾಗಾಗಿ ಗ್ಯಾಡೋಲಿನಿಯಂ ಸೂಜಿಗೆ ಇನ್ನೂ ಕೆಲಸವಿದೆ.